ಭಾವನ ರಕ್ತ

ಸಿಟ್ಟು ಮಾಡಿಕೊಳ್ಳಬಾರದು ಎಂದು ಡಾಕ್ಟರು ಹೇಳಿದ್ದನ್ನು ಮನೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿಕೊಂಡಿದ್ದರು. ಅದೇ ಡಾಕ್ಟರು ಹೇಳಿದ ಉಳಿದ ಯಾವ ಮಾತೂ ಯಾರಿಗೂ ನೆನಪಿರಲಿಲ್ಲ. ಮುಟ್ಟಿದರೆ ಬರುವುದಿಲ್ಲ, ಜೊತೆಗೆ ಕೂತು ಉಂಡರೆ ಬರುವುದಿಲ್ಲ, ಗಂಡನಿಗೂ ಮಗಳಿಗೂ ಚುಚ್ಚುಮದ್ದು ಆಗಿದೆ, ಹೆದರಬೇಡಿ ಎಂದು ಅವರು ಬಿಡಿಸಿ ಬಿಡಿಸಿ ಹೇಳಿದಾಗ ಗಂಡ ಬಕ್ಕೇಶಪ್ಪ ತಲೆಯಾಡಿಸುತ್ತಲೇ ಇದ್ದ. ಮನೆಗೆ ಬಂದ ಮೇಲೆ ಅವನು ತನ್ನ ಹಾಸಿಗೆಯನ್ನು ನಡುಮನೆಗೆ ಎಳೆದುಕೊಂಡು, 'ಡಾಕ್ಟ್ರು ಹೇಳ್ಯಾರಲ್ಲ, ನೀನು ಸಿಟ್ಟಾಗಬಾರದು' ಎಂದಷ್ಟೇ ಹೇಳಿದ. ಸರ್ವಮಂಗಳಮ್ಮ ಈಗ ಹಿತ್ತಲ ಕಟ್ಟೆಯ ಮೇಲೆ ಕೂತು ತನ್ನ ತಟ್ಟೆ, ತನ್ನ ಲೋಟ, ತನ್ನ ತಂಬಿಗೆಯನ್ನು ಬೂದಿ ಹಾಕಿ ತಿಕ್ಕುತ್ತಿದ್ದಳು. ಮೂರರ ತಳಕ್ಕೂ ವಾಣಿಯ ಉಗುರುಬಣ್ಣದ ಒಂದೊಂದು ಕೆಂಪು ಚುಕ್ಕೆ. ಬೇರೆಯವರ ಪಾತ್ರೆಯೊಳಗೆ ಬೆರೆಯದಿರಲಿ ಎಂದು ಅಕ್ಕ ಹಚ್ಚಿದ್ದು. ಅಕ್ಕ ಎಂದರೆ ಗಂಡನ ಅಣ್ಣನ ಹೆಂಡತಿ ಹಾಲಮ್ಮ. ಹಚ್ಚುವಾಗ ಬಣ್ಣದ ಬಾಟಲಿ ಹಿಡಿದುಕೊಂಡು ನಿಂತಿದ್ದವಳು ಸರ್ವಮಂಗಳಮ್ಮನ ಸ್ವಂತ ಮಗಳು ವಾಣಿ. ಅವಳೇನೂ ತಪ್ಪು ಮಾಡಿದವಳಂತೆ ಇರಲಿಲ್ಲ, ಒಣಗಿತೋ ಇಲ್ಲವೋ ಎಂದು ಊದಿ ನೋಡುತ್ತಿದ್ದಳು. ಬೂದಿಯಲ್ಲಿ ಎಷ್ಟು ತಿಕ್ಕಿದರೂ ಆ ಚುಕ್ಕೆ ಹೋಗುತ್ತಿರಲಿಲ್ಲ. ಹೋಗಲಿ ಎಂದು ತಿಕ್ಕುತ್ತಿದ್ದಾಳೋ, ಇನ್ನಷ್ಟು ಹೊಳೆಯಲಿ ಎಂದು ತಿಕ್ಕುತ್ತಿದ್ದಾಳೋ ಅವಳಿಗೇ ತಿಳಿಯಲಿಲ್ಲ.

ಅಮಾವಾಸ್ಯೆ. ಬೆಳಿಗ್ಗೆಯೇ ಜೀಪು ಮಾಡಿಕೊಂಡು ಎಲ್ಲರೂ ಉಕ್ಕಡಗಾತ್ರಿಯ ಕರಿಬಸವೇಶ್ವರನ ದರ್ಶನಕ್ಕೆ ಹೋಗಿದ್ದರು. 'ನಿನಗ ಬಿಪಿ ಐತೆ, ಜೀಪಿನಾಗೆ ಕುಲುಕಾಡಿ ಸುಸ್ತಾಗ್ತಿ, ಮನ್ಯಾಗ ಇದ್ದುಬಿಡವ್ವ' ಎಂದು ಹಾಲಮ್ಮ ಬುತ್ತಿ ಕಟ್ಟುತ್ತಾ ಹೇಳಿದ್ದಳು. ಅಲ್ಲಿ ಹೊಳೆದಂಡೆಯಲ್ಲಿ ಎಲ್ಲರೂ ಸಾಲಾಗಿ ಕೂತು ಉಣ್ಣುವಾಗ ಇವಳನ್ನು ಎಲ್ಲಿ ಕೂರಿಸುವುದು ಎಂಬುದೇ ಅವರ ಚಿಂತೆ ಎಂದು ಇವಳಿಗೂ ಗೊತ್ತಿತ್ತು, ಇವಳಿಗೆ ಗೊತ್ತಿದೆ ಎಂದು ಅವರಿಗೂ ಗೊತ್ತಿತ್ತು. ಆದರೂ ಎಲ್ಲರೂ ಬಿಪಿಯ ಮಾತನ್ನೇ ಆಡಿದರು. ಬಿಪಿ ಮರ್ಯಾದಸ್ಥ ಕಾಯಿಲೆ. ಅದನ್ನು ಹೇಳಿಕೊಂಡು ತಿರುಗಬಹುದು. ಇನ್ನೊಂದರ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ, 'ಅದು' ಎನ್ನುತ್ತಿದ್ದರು. ವಾಣಿಗೆ ಗಂಡು ನೋಡುತ್ತಿದ್ದೇವೆ, 'ಅದು' ಹೊರಗೆ ಹೋಗಬಾರದು.

'ಅದು' ಗೊತ್ತಾದದ್ದು ದಾವಣಗೆರೆ ಜಿಲ್ಲೆಯಾದ ಮರುವರ್ಷ, ಹರಿಹರದ ಒಂದು ಶಾಲೆಯಲ್ಲಿ ಕಾಮಾಲೆ ಬಿ ಎಂಬ ಹೆಪಟೈಟಿಸ್ ರೋಗದ ಲಸಿಕೆಯ ಶಿಬಿರ ನಡೆದಾಗ. ಏಡ್ಸಿಗಿಂತ ದೊಡ್ಡ ಮಾರಿ ಎಂದು ಊರ ಗೋಡೆಗಳಿಗೆಲ್ಲ ಚೀಟಿ ಅಂಟಿಸಿದ್ದರು. ಶಿಬಿರದ ದೀಪ ಹಚ್ಚಿದವರು ಭಾವ, ಹಾಲಮ್ಮನ ಗಂಡ ವಾಮದೇವಪ್ಪನವರು. ಕಬ್ಬಿಣದ ಅಂಗಡಿ, ಊರಲ್ಲಿ ಒಳ್ಳೆಯ ಹೆಸರು, ಯಾವ ಸಮಾರಂಭಕ್ಕೂ ಮೊದಲ ಕುರ್ಚಿ. ಮನೆಯವರೆಲ್ಲ ರಕ್ತ ಕೊಟ್ಟು ಪರೀಕ್ಷೆ ಮಾಡಿಸಿಕೊಂಡರು. ಅವರು ಮಾತ್ರ ಹಾರ ಹಾಕಿಸಿಕೊಂಡು, ನನಗ ಇವೆಲ್ಲ ಯಾಕ ಎಂದು ನಕ್ಕು ಅಂಗಡಿಗೆ ಹೋದರು. ಸ್ವಲ್ಪ ಹೊತ್ತಿಗೆ ಮೈಕಿನಲ್ಲಿ ಕೆಲವು ಹೆಸರು ಕೂಗಿ, ಇವರು ಆ ಕಡೆಯ ಕೋಣೆಗೆ ಬರಬೇಕು ಎಂದರು. ಚುಚ್ಚುಮದ್ದು ಅಲ್ಲಿ ಹಾಕುತ್ತಾರೇನೋ ಎಂದು ಅವಳು ಸೆರಗು ಸರಿ ಮಾಡಿಕೊಂಡು ಖುಷಿಯಿಂದಲೇ ಎದ್ದು ಹೋಗಿದ್ದಳು. ಆ ಖುಷಿ ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ತಲೆಯ ಹಿಂಭಾಗದಲ್ಲಿ ಡವಡವ ಶುರುವಾಗಿತ್ತು. ಅವಳು ತಟ್ಟೆ ಬೋರಲು ಹಾಕಿ ಎದ್ದಳು. ಬಿಪಿ ಬಂದದ್ದು ಶಿಬಿರದ ನಂತರ. ದಾವಣಗೆರೆಯ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ನೋಡಿ, ಮೊದಲಿಂದಲೂ ಇತ್ತೇನಮ್ಮ ಎಂದು ಕೇಳಿದ್ದರು. ಇಲ್ಲ ಎಂದಳು. ಎದೆ ಹಾರುತ್ತದೆ, ಮೆಟ್ಟಿಲು ಹತ್ತಿದರೆ ಹಿಡಿಯುತ್ತದೆ ಎಂದಳು. ಅವರು ಒಂದು ಸಣ್ಣ ಮಾತ್ರೆ ಬರೆದು, ಎದೆಯ ಡಾಕ್ಟರ ಹತ್ತಿರ ಕಳಿಸಿದರು. ಅಲ್ಲಿ ಅವಳ ಚೀಟಿಯ ಮೇಲಿನ ಕೆಂಪು ಅಕ್ಷರ ನೋಡಿದ ಹುಡುಗಿ ಎದ್ದು ಹೋಗಿ ಇನ್ನೊಂದು ಜೊತೆ ಕೈಗವಸು ಹಾಕಿಕೊಂಡು ಬಂದಳು. ಓಡಿಸಿ ನೋಡುವ ಪರೀಕ್ಷೆ ಮಾಡಬೇಕಿತ್ತು. ಎಲ್ಲರದ್ದೂ ಮುಗಿಯಲಿ ಎಂದು ಕೂರಿಸಿದರು. ಎಲ್ಲರದ್ದೂ ಮುಗಿದ ಮೇಲೆ ಡಾಕ್ಟರು ಹೊರಗೆ ಬಂದು, ಮೊದಲು ಲಿವರ್ ಸರಿ ಮಾಡಿಸಿಕೊಂಡು ಬನ್ನಿ ಎಂದರು. ಲಿವರಿನ ಡಾಕ್ಟರು, ಲಿವರಿಗೆ ಸದ್ಯ ಏನೂ ಆಗಿಲ್ಲ, ಎದೆಯನ್ನು ತೋರಿಸಿ ಎಂದರು. ಬಕ್ಕೇಶಪ್ಪ ಬಸ್ ಸ್ಟ್ಯಾಂಡಿನಲ್ಲಿ ಕಬ್ಬಿನ ಹಾಲು ಕುಡಿದ. ಅವಳಿಗೆ ಬೇಕಾ ಎಂದು ಕೇಳಲಿಲ್ಲ. ಗಾಜಿನ ಲೋಟ, ಜನ ಕುಡಿಯೋದು ಎಂದು ಅವನ ಮುಖವೇ ಹೇಳುತ್ತಿತ್ತು. ಆ ಎದೆ ಇವತ್ತಿನವರೆಗೂ ಯಾರೂ ನೋಡದೆ ಹಾಗೇ ಇತ್ತು, ಯಾರಿಗೂ ಸೇರದ ಗಂಟಿನ ಹಾಗೆ.

ಹೊರಬಾಗಿಲು ದಡಾರನೆ ಬಡಿದುಕೊಂಡಿತು. ಉಕ್ಕಡಗಾತ್ರಿಗೆ ಹೋಗದೆ ಅಂಗಡಿಗೆ ಹೋಗಿದ್ದ ಭಾವ ಮಧ್ಯಾಹ್ನವಾಗುವ ಮೊದಲೇ ಬಂದಿದ್ದರು. ಅವಳು ಅಭ್ಯಾಸದಂತೆ ಬಾಗಿಲ ಮರೆಗೆ ಸರಿದಳು. ಮದುವೆಯಾಗಿ ಬಂದಾಗಿನಿಂದ ಅವರೆದುರು ಕೂತವಳಲ್ಲ, ನೇರವಾಗಿ ನೋಡಿ ನಾಲ್ಕು ಮಾತು ಆಡಿದವಳಲ್ಲ. ಅವರು ನಡುಮನೆಯ ಮಂಚದ ಮೇಲೆ ಕೂತರು, ಮತ್ತೆ ಎದ್ದರು, ಮತ್ತೆ ಕೂತರು. ಅಂಗಿ ಬೆನ್ನಿಗೆ ಅಂಟಿತ್ತು. ಎಡಗೈಯನ್ನು ಬಲಗೈಯಿಂದ ಒತ್ತಿಕೊಳ್ಳುತ್ತಾ, ಯಾರಿಗೋ ಹೇಳುವಂತೆ, ಗ್ಯಾಸು, ಸೋಡಾ ತರಿಸಬೇಕು ಎಂದರು. ಅವಳು ಒಳಗಿಂದ ನೀರು ತಂದಳು. ಅಕ್ಕನ ಹಂಡೆಯಿಂದ, ಭಾವನದೇ ಲೋಟದಲ್ಲಿ. ಅವರು ಲೋಟವನ್ನು ನೋಡಿದರು, ಅದನ್ನು ಹಿಡಿದ ಕೈಯನ್ನು ನೋಡಿದರು.

'ಅಲ್ಲೇ ಇಡು. ಆಮೇಲೆ ಕುಡೀತೀನಿ' ಎಂದರು.

ಅವರ ತುಟಿ ಒಣಗಿ ಬೂದಿಯಾಗಿತ್ತು. ಸಾಯುವಂಥ ನೀರಡಿಕೆಯಲ್ಲೂ ಆ ಕೈ ಮುಂದೆ ಬರಲಿಲ್ಲ. ಕುಡಿಯಬೇಡ, ಹೀಗೇ ಬಿದ್ದಿರು, ನಾನು ಹಿತ್ತಲಿಗೆ ಹೋಗಿ ಕೂತಿರುತ್ತೇನೆ, ಜೀಪು ಸಂಜೆ ಬರುತ್ತದೆ ಎಂದು ಸ್ಪಷ್ಟವಾಗಿ, ಒಂದೊಂದೇ ಮಾತಾಗಿ ಯೋಚಿಸಿದಳು. ಎರಡು ಹೆಜ್ಜೆ ಹಿತ್ತಲ ಕಡೆಗೆ ಇಟ್ಟೂ ಇಟ್ಟಳು. ಹಿಂದಿನಿಂದ ಅವರು ವಾಂತಿ ಮಾಡಿಕೊಂಡ ಸದ್ದು ಕೇಳಿತು. ಅವಳು ಬೀದಿಗೆ ಓಡಿದಳು.

ಎದುರು ಮನೆಯ ಹಯಾತ್ ಸಾಬರು ತಮ್ಮ ಅಂಬಾಸಿಡರ್ ತೊಳೆಯುತ್ತಿದ್ದರು. ಅವರೂ ಅವರ ಹೆಂಡತಿ ಮಾಬೂಬೀಯೂ ಬಂದು, ಮೂವರೂ ಸೇರಿ ಭಾವನನ್ನು ಕಾರಿಗೆ ಎತ್ತಿದರು. ಎತ್ತುವಾಗ ಅವರ ಭಾರವೆಲ್ಲ ಅವಳ ಹೆಗಲ ಮೇಲೆ ಬಿತ್ತು. ಬೆವರು, ಅಡಿಕೆ, ವಾಂತಿ ಎಲ್ಲ ಕಲೆತ ವಾಸನೆ. ಜೀಪು ಬಂದ ಕೂಡಲೇ ದಾವಣಗೆರೆಗೆ ಕಳಿಸುವುದಾಗಿ ಮಾಬೂಬೀ ಹೇಳಿದಳು. ಕಾರು ಹರಿಹರ ದಾಟಿತು. ಭಾವನ ತಲೆ ಹಿಂದಿನ ಸೀಟಿನಲ್ಲಿ ಅವಳ ತೋಳಿಗೆ ಒರಗಿತ್ತು. ಅವರಿಗೆ ಅದರ ಎಚ್ಚರ ಇದ್ದಂತಿರಲಿಲ್ಲ. ಇದೇ ರಸ್ತೆ. ಇಪ್ಪತ್ತು ವರ್ಷದ ಹಿಂದೆ, ವಾಣಿ ಹುಟ್ಟಿದ ಮೇಲೆ ರಕ್ತ ನಿಲ್ಲದೆ, ಇದೇ ರಸ್ತೆಯಲ್ಲಿ ಲಾರಿಯೊಂದರಲ್ಲಿ ಅವಳನ್ನು ದಾವಣಗೆರೆಗೆ ಒಯ್ದಿದ್ದರಂತೆ. ಅವಳಿಗೆ ಗೊತ್ತಿಲ್ಲ, ಎಲ್ಲ ಅವರಿವರು ಹೇಳಿ ಕೇಳಿದ್ದು. ಬಕ್ಕೇಶಪ್ಪನ ರಕ್ತ ಹೊಂದಲಿಲ್ಲ. ಭಾವ ಅಂಗಿಯ ತೋಳು ಮಡಚಿದರು. ಆ ಮಡಚಿದ ತೋಳನ್ನು ಅವಳು ಕಂಡಿಲ್ಲವಾದರೂ ಇಪ್ಪತ್ತು ವರ್ಷ ಅದರ ನೆರಳಲ್ಲೇ ಬದುಕಿದ್ದಾಳೆ. ಮದುವೆ ಮುಂಜಿಗಳಲ್ಲಿ, ಊಟಕ್ಕೆ ಕೂತ ಪಂಕ್ತಿಗಳಲ್ಲಿ, ಇಕಾ ನೋಡ್ರಿ, ಈಕಿ ಮೈಯಾಗೆ ಹರಿಯೋದು ನಮ್ಮ ರಕ್ತ ಎನ್ನುತ್ತಿದ್ದರು. ಅವಳು ತಲೆ ಬಗ್ಗಿಸಿ ನಗಬೇಕು. ಕುಕ್ಕುವಾಡದ ಶಾಲೆಯಲ್ಲಿ ಅವಳಿಗೆ ಮೇಷ್ಟ್ರ ಕೆಲಸ ಬಂದಾಗ, 'ನಾ ರಕ್ತ ಕೊಟ್ಟು ಉಳಿಸಿದ್ದು ಬಸ್ಸಿನಾಗೆ ನೇತಾಡ್ಲಿ ಅಂತೇನು?' ಎಂದಿದ್ದರು. ಎಲ್ಲರೂ ನಕ್ಕರು. ಅವಳೂ ನಕ್ಕಳು. ಆ ನಗುವನ್ನು ಅವಳು ಇನ್ನೂ ಕ್ಷಮಿಸಿಲ್ಲ, ಅವರದ್ದನ್ನಲ್ಲ, ತನ್ನದನ್ನು.

ಬಾತಿಯ ಗುಡ್ಡ ಕಂಡಿತು. ಶಿಬಿರವಾದ ಹೊಸದರಲ್ಲಿ, ಹಿಂದೆಲ್ಲ ಪರೀಕ್ಷೆಯಿಲ್ಲದೆ ರಕ್ತ ಹಾಕಿಸಿಕೊಂಡವರಿಗೆ ಅದರಿಂದಲೇ ಬಂದಿರಬಹುದು ಎಂದು ಡಾಕ್ಟರು ಅಂದಾಗ ಅವಳು ಗಂಡನಿಗೆ ಒಂದೇ ಮಾತು ಕೇಳಿದ್ದಳು, ಭಾವನೂ ಒಮ್ಮೆ ಪರೀಕ್ಷೆ ಮಾಡಿಸಿಕೊಂಡರೆ ಆಗದೇ ಎಂದು. ಬಕ್ಕೇಶಪ್ಪ ದೇವರ ಪಟ ಒಡೆದವಳನ್ನು ನೋಡಿದಂತೆ ನೋಡಿದ. ಮಾತು ಹೇಗೋ ಅಣ್ಣನಿಗೆ ಮುಟ್ಟಿತು. ನಮ್ಮ ವಂಶದಾಗೆ ಇಂಥಾದ್ದು ಯಾರಿಗೂ ಇಲ್ಲ, ತವರಿಂದ ತಂದಿರಬೇಕು ಎಂದು ಅವರು ಹೊರಗೆ ಜಗುಲಿಯಲ್ಲಿ, ಅವಳಿಗೆ ಕೇಳುವಷ್ಟು ದೊಡ್ಡದಾಗಿ ಹೇಳಿದರು. ಅವಳಿಗೂ ಖಚಿತವಿರಲಿಲ್ಲ. ಊರ ಕಾಂಪೌಂಡರ್ ಒಂದೇ ಸೂಜಿಯನ್ನು ಎಲ್ಲರಿಗೂ ಚುಚ್ಚುತ್ತಿದ್ದ ಕಾಲವದು, ಅವನಿಂದಲೇ ಬಂದಿರಬಹುದು. ಆದರೂ ಬಟ್ಟೆ ಒಗೆಯುವಾಗ, ಕಸ ಗುಡಿಸುವಾಗ, ಇವರಿಗೂ ಇರಲಿ, ಇವರಿಗೂ ಇರಲಿ ಎಂದು ಒಳಗೆ ಜಪ ನಡೆಯುತ್ತಿತ್ತು. ಈಗ ಅವರ ಹಣೆಯ ಬೆವರನ್ನು ಸೆರಗಿನಿಂದ ಒರೆಸುವಾಗಲೂ ಅದು ನಿಂತಿರಲಿಲ್ಲ.

ಹಯಾತ್ ಸಾಬರು ಕಾರು ನಿಲ್ಲಿಸಿದ್ದು ಅದೇ ಎದೆಯ ಡಾಕ್ಟರ ನರ್ಸಿಂಗ್ ಹೋಮಿನ ಮುಂದೆ. ಅವಳಿಗೆ ಮೆಟ್ಟಿಲು ಕಂಡ ಕೂಡಲೇ ಗುರುತಾಯಿತು. ಭಾವನನ್ನು ತಳ್ಳುಮಂಚದಲ್ಲಿ ಒಳಗೆ ಒಯ್ದರು. ಡಾಕ್ಟರು ಇಸಿಜಿ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ದೊಡ್ಡ ಹಾರ್ಟ್ ಅಟ್ಯಾಕ್, ರಕ್ತ ಹೆಪ್ಪುಗಟ್ಟಿದೆ, ಕರಗಿಸುವ ಇಂಜೆಕ್ಷನ್ ಕೂಡಲೇ ಕೊಡಬೇಕು, ತಡವಾದಷ್ಟೂ ಕಷ್ಟ ಎಂದು ಅವಸರದಿಂದ ಹೇಳಿದರು. ಅವಳನ್ನು ಅವರು ಗುರುತಿಸಲಿಲ್ಲ. ರಕ್ತ ತೆಗೆದುಕೊಂಡು ಹೋದರು. ಹೊರಗೆ ಬೆಂಚಿನ ತುಂಬ ಜನ. ಅವಳು ಗೋಡೆಗೆ ಒರಗಿ ನಿಂತಳು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ನರ್ಸು ಬಂದು, ಪೇಶಂಟಿಗೆ ಯಾವಾಗಲಾದರೂ ಕಾಮಾಲೆ ಆಗಿತ್ತಾ ಎಂದು ತಗ್ಗಿದ ದನಿಯಲ್ಲಿ ಕೇಳಿದಳು. ಕೇಳುತ್ತಲೇ ಅರ್ಧ ಹೆಜ್ಜೆ ಹಿಂದೆ ಸರಿದಳು. ಆ ಅರ್ಧ ಹೆಜ್ಜೆ ಸರ್ವಮಂಗಳಮ್ಮನಿಗೆ ಚೆನ್ನಾಗಿ ಗೊತ್ತಿತ್ತು.

ಮೊದಲು ಬಂದದ್ದು ಸಂತೋಷ. ಹೊಟ್ಟೆಯ ತಳದಿಂದ ಎದ್ದು, ಬಾಯಿಗೆ ಬಂದು, ಹಲ್ಲು ಕಚ್ಚಿ ಹಿಡಿದರೂ ತುಟಿ ಬಿರಿಯುವಂಥ ಸಂತೋಷ. ಗೋಡೆಯ ಕಡೆ ತಿರುಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನೋಡಿದವರು ಅಳುತ್ತಿದ್ದಾಳೆ ಎಂದುಕೊಂಡರು, ಮುದುಕಿಯೊಬ್ಬಳು ಬೆನ್ನು ಸವರಿದಳು. ಒಳಗೆ ಒಬ್ಬ ಮನುಷ್ಯ ಸಾಯುತ್ತಿದ್ದಾನೆ, ನಾನು ನಗುತ್ತಿದ್ದೇನೆ. ಆ ಮುದುಕಿಯ ಕೈ ಬೆನ್ನ ಮೇಲೆ ಸುಡುತ್ತಿತ್ತು. ಸಂತೋಷ ಹೇಗೆ ಬಂತೋ ಹಾಗೇ ಇಳಿದುಹೋಗಿ, ಅದರ ಜಾಗದಲ್ಲಿ ಹೇಸಿಗೆ ಉಳಿಯಿತು. ಅಷ್ಟರಲ್ಲಿ ಡಾಕ್ಟರು ಹೊರಗೆ ಬಂದರು. ಅವರ ಮಾತಿನ ಧಾಟಿ ಬದಲಾಗಿತ್ತು. ಐಸಿಯುನಲ್ಲಿ ಬೇರೆ ಪೇಶಂಟುಗಳಿದ್ದಾರೆ, ಇಂಥವರಿಗೆ ಬೇರೆ ಬೆಡ್ ನಮ್ಮಲ್ಲಿಲ್ಲ, ದೊಡ್ಡ ಆಸ್ಪತ್ರೆಗೆ ಬರೆದುಕೊಡುತ್ತೇನೆ, ಅಲ್ಲಿಗೆ ಕರೆದುಕೊಂಡು ಹೋಗಿ ಎಂದರು. ಈಗ ತಾನೇ ತಡವಾದಷ್ಟೂ ಕಷ್ಟ ಎಂದ ಬಾಯಿ.

ತಲೆಯ ಹಿಂಭಾಗದ ಡವಡವ ಈಗ ಕಣ್ಣಿನವರೆಗೂ ಬಂದಿತ್ತು. ಡಾಕ್ಟರ ಮುಖದ ಸುತ್ತ ಬೆಳಕು ಚೂರುಚೂರಾಗಿ ಹಾರುತ್ತಿತ್ತು.

'ಅವರು ಎದೆನೋವು ಅಂತ ಬಂದಾರೆ. ಎದೆ ನೋಡ್ರಿ' ಎಂದಳು.

'ನಿಮಗೆ ಅರ್ಥ ಆಗ್ತಿಲ್ಲಮ್ಮ. ಇವರಿಂದ ಇನ್ನೊಬ್ಬರಿಗೆ ಹರಡಿದ್ರೆ ಯಾರು ಜವಾಬ್ದಾರಿ?'

'ಒಬ್ಬರಿಗೆ ಚುಚ್ಚಿದ ಸೂಜೀನ ಇನ್ನೊಬ್ಬರಿಗೆ ಚುಚ್ತೀರೇನ್ರಿ ನೀವು?' ಅವಳ ದನಿ ತನ್ನದಲ್ಲವೆನ್ನುವಷ್ಟು ಏರಿತ್ತು. 'ಚುಚ್ಚಲ್ಲ ಅಂದ್ರೆ ಯಾಕ ಹೆದರ್ತೀರಿ? ಚುಚ್ತೀವಿ ಅಂದ್ರೆ ಇಲ್ಲೇ ಹೇಳ್ರಿ, ಇಲ್ಲಿ ಕುಂತೋರೆಲ್ಲ ಕೇಳಲಿ. ಹೋದ ವರ್ಷ ನನ್ನನ್ನೂ ಹಿಂಗೇ ಕಳಿಸಿದ್ರಿ. ನನ್ನ ಎದಿ ಇನ್ನಾ ಯಾರೂ ನೋಡಿಲ್ಲ. ನಾ ಸುಮ್ಮನೆ ಎದ್ದು ಹೋದೆ. ಇವತ್ತು ಹೋಗಲ್ಲ.'

ಬೆಂಚಿನ ಮೇಲಿದ್ದವರೆಲ್ಲ ಇತ್ತ ತಿರುಗಿದ್ದರು. ತೋಳಿಗೆ ಹತ್ತಿ ಒತ್ತಿಕೊಂಡು ಕೂತಿದ್ದ ಒಬ್ಬಾತ ಹತ್ತಿ ತೆಗೆದು ತನ್ನ ತೋಳನ್ನೇ ನೋಡಿಕೊಂಡ. ಯಾರೂ ಅವಳ ಪರವಾಗಿ ಒಂದು ಮಾತೂ ಆಡಲಿಲ್ಲ. ಅವಳ ಪಕ್ಕದ ಜಾಗ ಮಾತ್ರ ಮೆಲ್ಲಗೆ ಖಾಲಿಯಾಯಿತು, ಮುದುಕಿಯೂ ಸರಿದಳು. ಭಾವನನ್ನು ಹೊರಗೆ ಒಯ್ಯದಂತೆ ಹಯಾತ್ ಸಾಬರು ಬಂದು ಬಾಗಿಲಿಗೆ ಅಡ್ಡ ನಿಂತಿದ್ದರು. ಡಾಕ್ಟರು ಜನರನ್ನು ನೋಡಿದರು, ಅವಳನ್ನು ನೋಡಿದರು, ನರ್ಸಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿ ಒಳಗೆ ಹೋದರು. ಮೂಲೆಯ ಬೆಡ್ಡಿಗೆ ಪರದೆ ಕಟ್ಟಿ ಭಾವನಿಗೆ ಇಂಜೆಕ್ಷನ್ ಹಾಕಿದರು ಎಂದು ಆಮೇಲೆ ತಿಳಿಯಿತು. ನ್ಯಾಯ ಕಂಡು ಅವರು ಒಪ್ಪಿದ್ದಲ್ಲ, ಗದ್ದಲಕ್ಕೆ ಅಂಜಿ ಒಪ್ಪಿದ್ದು ಎಂಬುದು ಅವಳಿಗೆ ಸ್ಪಷ್ಟವಿತ್ತು. ಅವಳು ನೆಲಕ್ಕೆ ಕೂತಳು. ನರ್ಸು ಬಂದು ಅವಳ ತೋಳಿಗೂ ಪಟ್ಟಿ ಸುತ್ತಿ, ಇನ್ನೂರು ದಾಟೈತಲ್ರಿ ಎಂದು ಬೆಚ್ಚಿ, ನಾಲಿಗೆಯಡಿ ಇಡಲು ಏನೋ ಮಾತ್ರೆ ಕೊಟ್ಟಳು. ಸಿಟ್ಟು ಮಾಡ್ಕೋಬಾರದು ಅಮ್ಮ ಎಂದಳು. ಸರ್ವಮಂಗಳಮ್ಮನಿಗೆ, ಸಿಟ್ಟು ಇಲ್ಲದಿದ್ದರೆ ಈ ಹೊತ್ತಿಗೆ ನಿಮ್ಮ ಪೇಶಂಟು ರಸ್ತೆಯಲ್ಲಿರುತ್ತಿದ್ದ ಎನ್ನಬೇಕೆನಿಸಿತ್ತು. ಯಾರಿಗಾಗಿ ಹಾಗೆ ಅರಚಿದೆ? ಅವರಿಗಾಗಿಯಲ್ಲ. ಅವರ ಜಾಗದಲ್ಲಿ ಕಾಂಪೌಂಡರ್ ಮಲಗಿದ್ದರೂ ಅರಚುತ್ತಿದ್ದೆ. ಹೋದ ವರ್ಷ ಎಲ್ಲರದ್ದೂ ಮುಗಿಯಲಿ ಎಂದು ಇದೇ ಬೆಂಚಿನ ಕೊನೆಯಲ್ಲಿ ಕಾಯುತ್ತಿದ್ದ ಹೆಂಗಸಿಗಾಗಿ ಅರಚಿದೆ.

ಸಂಜೆಯಾಗುವ ಹೊತ್ತಿಗೆ ಭಾವನ ನೋವು ಇಳಿದಿತ್ತು. ಕಾಮಾಲೆ ಇವತ್ತಿನದಲ್ಲ, ಹಳೆಯದಿರಬೇಕು ಎಂದು ಹೇಳಿ ಡಾಕ್ಟರು ನೋಡಲು ಬಿಟ್ಟರು. ಅವರು ಪರದೆಯ ಹಿಂದೆ ಮಲಗಿದ್ದರು, ಹಣೆಯ ವಿಭೂತಿ ಬೆವರಿನಲ್ಲಿ ಅಳಿಸಿಹೋಗಿ ಯಾರೋ ಬೇರೆಯವರಂತೆ ಕಾಣುತ್ತಿದ್ದರು. ರಕ್ತದಾಗೆ ಏನು ಬಂತಂತೆ ಎಂದು ಕೇಳಿದರು. ನರ್ಸುಗಳ ಮಾತು ಅವರ ಕಿವಿಗೂ ಬಿದ್ದಿರಬೇಕು. ಅವಳು ಹೇಳಿದಳು.

'ಮನ್ಯಾಗ ಹೇಳಬ್ಯಾಡವ್ವ. ವಾಣಿ ಮದ್ವಿ ಐತೆ' ಎಂದರು. ಮತ್ತೆ, 'ಹೇಳಿದ್ರೂ ಏನಂತಾರೆ? ನಿನ್ನಿಂದ್ಲೇ ನನಗ ಬಂತು ಅಂತಾರೆ. ಯೋಚ್ನೆ ಮಾಡು' ಎಂದರು.

ಅದು ಬೆದರಿಕೆಯೋ, ಅವಳ ಮೇಲಿನ ಕಾಳಜಿಯೋ ಎಂದು ಅವಳು ಆ ಮುಖದಲ್ಲಿ ಹುಡುಕಿದಳು. ಎರಡೂ ಇದ್ದವು. ಮತ್ತು ಅವರು ಹೇಳಿದ್ದು ನಿಜವಿತ್ತು. ಮನೆ ಹಾಗೆಯೇ ಅನ್ನುತ್ತದೆ. ಕೊಟ್ಟವರು ಅವರಾದಾಗ ಅದು ಉಪಕಾರ, ಅವರಿಗೆ ಬಂದಾಗ ಅದು ಇವಳ ಮೈಲಿಗೆ. ಮುಚ್ಚಿಟ್ಟರೆ ಅವಳೊಬ್ಬಳೇ ಹಿತ್ತಲಲ್ಲಿ ಉಳಿಯುತ್ತಾಳೆ, ಹೇಳಿದರೆ ಹೆಗಲ ಮೇಲೆ ಇನ್ನೊಂದು ಹೊರೆ. ಅವಳು ಮಂಚದ ಪಕ್ಕದ ಸ್ಟೂಲನ್ನು ಎಳೆದುಕೊಂಡು ಅವರೆದುರು ಕೂತಳು. ಕೂತ ಮೇಲೆ, ಎಂದೂ ಹೀಗೆ ಕೂತಿರಲಿಲ್ಲವೆಂಬುದು ಇಬ್ಬರ ಗಮನಕ್ಕೂ ಬಂತು.

'ನನಗ ರಕ್ತ ಕೊಟ್ಟಿದ್ದನ್ನ ಇಪ್ಪತ್ತು ವರ್ಷ ನೀವ ಹೇಳ್ಕೊಂತ ಬಂದೀರಿ, ಭಾವಾ' ಎಂದಳು. 'ಇದನ್ನೂ ನೀವ ಹೇಳ್ರಿ. ನೀವು ಹೇಳಲಿಲ್ಲ ಅಂದ್ರೆ ನಾ ಹೇಳ್ತೀನಿ.'

ಕತ್ತಲಾಗುವ ಮೊದಲು ಹಾಲಮ್ಮ, ಬಕ್ಕೇಶಪ್ಪ, ವಾಣಿ ಮೂವರೂ ಓಡೋಡಿ ಬಂದರು. ಹಾಲಮ್ಮನ ಸೀರೆಯ ಅಂಚು ಹೊಳೆಯ ನೀರಿನಿಂದ ಇನ್ನೂ ಒದ್ದೆಯಿತ್ತು. ಅವಳು ಗಂಡನ ಹಣೆಗೆ ಕರಿಬಸವೇಶ್ವರನ ಭಸ್ಮ ಹಚ್ಚಿ, ಅಂಗೈಯಿಂದ ಅವರ ಎದೆಯನ್ನು ನೀವುತ್ತಾ, ಬಿಕ್ಕುತ್ತಾ ನಿಂತಳು. ಬಕ್ಕೇಶಪ್ಪ ಹೆಂಡತಿಯನ್ನು, ಹೆಂಗಾತು, ಯಾವಾಗಾತು ಎಂದು ಒಂದೇ ಸಮನೆ ಕೇಳುತ್ತಿದ್ದ. ಅವಳು ಭಾವನನ್ನೇ ನೋಡುತ್ತಿದ್ದಳು. ಅವರು ಕಣ್ಣು ಮುಚ್ಚಿದರು. ರೆಪ್ಪೆ ಅದುರುತ್ತಿತ್ತು, ನಿದ್ದೆಯಲ್ಲ. ಅವಳು ಕಾದಳು. ಹಾಲಮ್ಮನ ಬಿಕ್ಕು ಕಡಿಮೆಯಾಗುವಷ್ಟು ಹೊತ್ತು ಕಾದಳು. ತುಟಿಗಳು ಒಮ್ಮೆ ಬಿಟ್ಟುಕೊಂಡು ಮತ್ತೆ ಕೂಡಿದವು.

'ಅಕ್ಕ, ನನಗಿರೋದು ಭಾವನಿಗೂ ಐತೆ' ಎಂದಳು ಸರ್ವಮಂಗಳಮ್ಮ. 'ಇವತ್ತು ಬಂದಿದ್ದಲ್ಲ, ಹಳೇದು ಇರಬೇಕು ಅಂತ ಡಾಕ್ಟ್ರು ಹೇಳಿದ್ರು. ಯಾರಿಂದ ಯಾರಿಗೆ ಅಂತ ನನಗೂ ಗೊತ್ತಿಲ್ಲ, ಡಾಕ್ಟ್ರಿಗೂ ಗೊತ್ತಿಲ್ಲ.'

ವಾಣಿ ಅಮ್ಮನ ಮುಖವನ್ನು ನೋಡಿ ತಲೆ ತಗ್ಗಿಸಿದಳು. ಹಾಲಮ್ಮನ ಕೈ ಗಂಡನ ಎದೆಯ ಮೇಲಿಂದ ಮೇಲೆದ್ದಿತು. ಬೇಕೆಂದು ಎತ್ತಿದ್ದಲ್ಲ, ಒಲೆಯ ಮೇಲಿನ ಪಾತ್ರೆ ತಾಕಿದಾಗ ಏಳುವಂತೆ ತಾನಾಗಿ ಎದ್ದದ್ದು. ಎದ್ದ ಕೈ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮಂಚದ ಮೇಲೆ, ಗಾಳಿಯಲ್ಲಿ ನಿಂತಿತು. ಭಾವ ಕಣ್ಣು ತೆರೆದರು. ಆ ಕೈಯನ್ನು ನೋಡಿದರು. ಆಮೇಲೆ ಸರ್ವಮಂಗಳಮ್ಮನನ್ನು ನೋಡಿದರು, ಸೆರಗನ್ನಲ್ಲ, ಗೋಡೆಯನ್ನಲ್ಲ, ಅವಳನ್ನೇ. ಇದನ್ನು ನೋಡಬೇಕೆಂದು ಒಂದು ವರ್ಷ ಜಪ ಮಾಡಿದ್ದಳು. ಕಂಡಾಗ ಸಮಾಧಾನ ಬರಲಿಲ್ಲ. ಬಂದದ್ದು ಮತ್ತಷ್ಟು ಸಿಟ್ಟು, ಈಗ ಆ ಕೈಯ ಮೇಲೆ.

'ಮುಟ್ಟಕ್ಕ. ಮುಟ್ಟಿದ್ರೆ ಏನೂ ಬರಲ್ಲ' ಎಂದಳು. ಸಮಾಧಾನ ಹೇಳುವ ದನಿಯಾಗಿರಲಿಲ್ಲ ಅದು, ಗದರುವ ದನಿ.

ಹಾಲಮ್ಮ ಅಲುಗಲಿಲ್ಲ. ಹೊತ್ತಾಯಿತು, ಎಲ್ಲರೂ ಹೊರಗೆ ಹೋಗಿ ಎಂದು ನರ್ಸು ಪರದೆ ಸರಿಸಿ ಹೇಳಿದಳು. ಬಕ್ಕೇಶಪ್ಪನೂ ವಾಣಿಯೂ ಹೊರಟರು. ಸರ್ವಮಂಗಳಮ್ಮ ಸ್ಟೂಲಿನಿಂದ ಏಳಲಿಲ್ಲ. ಅಕ್ಕ ಆ ಕೈಯನ್ನು ಮತ್ತೆ ಅವರ ಎದೆಯ ಮೇಲೆ ಇಡುವವರೆಗೂ ಏಳಲಿಲ್ಲ.